ಬಡಿಸಿಕೊಳ್ಳುವುದು

ಮೂವತ್ತೊಂದು ವರ್ಷ ನಾನು
ಗ್ಲಾಸ್ಗೋದ ಅದೇ ಬೀದಿಯಲ್ಲಿ ಬಸ್ಸು ಓಡಿಸಿದೆ.
ಮಧ್ಯಾಹ್ನ ಮೂರೂಕಾಲಿಗೆ, ಸಿಗ್ನಲ್ಲು ಕೆಂಪಿದ್ದರೆ ಮಾತ್ರ,
ಟೀ ರೂಮಿನ ಗಾಜಿನಾಚೆ
ಬಿಳೀ ಏಪ್ರನ್ನೊಂದು ಸುಳಿದಂತಾಗುತ್ತಿತ್ತು.
ಅವಳೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ
ಹಸಿರಾಗುತ್ತಿತ್ತು.

ಸೆಂಗಾ ಅವಳ ಹೆಸರು.
ಮನೆಯಲ್ಲಿ ಆಗಲೇ ಇಬ್ಬರು ಆಗ್ನೆಸ್ ಇದ್ದರಂತೆ,
ಕರೆದರೆ ಇಬ್ಬರೂ ಓಗೊಡುತ್ತಿದ್ದರಂತೆ,
ಅದಕ್ಕೇ ಇವಳಿಗೆ ಅದನ್ನೇ ಹಿಂದುಮುಂದು ಬರೆದು ಇಟ್ಟರು.

ಹೋದ ಚಳಿಗಾಲ ಕೆಲಸ ಬಿಟ್ಟಳು.
ಜೊತೆಯ ಹುಡುಗಿಯರು ದುಡ್ಡು ಕೂಡಿಸಿ ಕೊಟ್ಟದ್ದು
ಗಡಿಯಾರವಲ್ಲ, ಶಾಲಲ್ಲ,
ದೊಡ್ಡ ಹೋಟೆಲಿನಲ್ಲಿ ಇಬ್ಬರಿಗೆ ಮಧ್ಯಾಹ್ನದ ಟೀ ಅಂತ
ಚಿನ್ನದಂಚಿನ ಒಂದು ಚೀಟಿ.
"ಬೆಸ್ತರ ಮನೆಗೆ ಮೀನು ಕೊಟ್ಟ ಹಾಗಾಯ್ತು" ಅಂದು
ಬ್ರೆಡ್ಡಿನ ಡಬ್ಬಿಯ ಹಿಂದೆ ಸಿಕ್ಕಿಸಿದಳು.
ಅವಧಿಗೆ ಎರಡೇ ದಿನ ಉಳಿದಾಗ
ನಾನೇ ಅವಳ ಕೋಟು ಹುಡುಕಿದೆ.

ಹುಡುಗನೊಬ್ಬ ಕುರ್ಚಿ ಎಳೆದು ನಿಂತ.
"ಬಿಡಪ್ಪಾ, ನಾನೇ ಎಳ್ಕೋತೀನಿ" ಅಂದಳು ಇವಳು.
ಪಾಪದ ಕುರ್ಚಿ, ಇಬ್ಬರ ನಡುವೆ ಜಗ್ಗಾಡಿತು.
ಅವನ ಎದೆಯ ಬಿಲ್ಲೆಯಲ್ಲಿ ಹೆಸರಿರಲಿಲ್ಲ;
'ಕಲಿಯುತ್ತಿದ್ದೇನೆ' ಅಂತಷ್ಟೇ ಇತ್ತು.

ಅವಳು ಕೂತಳು ಅನ್ನಬೇಕೋ ಬೇಡವೋ:
ಕುರ್ಚಿಯ ತುದಿಯಲ್ಲಿ, ಹಿಮ್ಮಡಿ ಎತ್ತಿ,
ಯಾರು ಕರೆದರೂ ಎದ್ದು ನಡೆಯುವ ಹಾಗೆ.
ನ್ಯಾಪ್ಕಿನ್ನು ಬಿಡಿಸಿದಳು, ತಿರುಗಿ ಮಡಿಸಿದಳು
ಮೊದಲಿಗಿಂತ ಚೊಕ್ಕವಾಗಿ.

ಮೂರಂತಸ್ತಿನ ತಟ್ಟೆ ಬಂತು.
ಕೆಳಗೆ ಬೆರಳಗಲದ ಸ್ಯಾಂಡ್‌ವಿಚ್ಚು,
ನಡುವೆ ಬಟ್ಟೆ ಹೊದ್ದ ಬಿಸಿ ಸ್ಕೋನು,
ಮೇಲೆ, ಉಸಿರು ತಾಗಿದರೆ ಕುಸಿಯುವಂಥ ಏನೇನೋ.
ನಾನು ಮೇಲಿನಿಂದ ಶುರುಮಾಡಹೋದೆ.
ಮೇಜಿನಡಿ ಕಾಲಿಗೊಂದು ಒದೆ ಬಿತ್ತು.

"ಸೌತೆಕಾಯಿ ಬೆಳಗ್ಗೆಯೇ ಹೆಚ್ಚಿದ್ದು," ಅಂಚು ಎತ್ತಿ ನೋಡಿದಳು,
"ಬ್ರೆಡ್ಡು ಬೆವೆತಿದೆ.
ನಾವಾದರೆ ಉಪ್ಪು ಸವರಿ, ಹಿಂಡಿ..."
ನಾವಾದರೆ ಟೀ ಪಾಟು ಮೊದಲು ಕಾಯಿಸುತ್ತೇವೆ,
ನಾವಾದರೆ ಹಿಡಿಯನ್ನು ಗಿರಾಕಿಯ ಕೈಗೆ ತಿರುಗಿಸುತ್ತೇವೆ.
ನನಗೆ ಗೊತ್ತಿದ್ದ ಅವಳ 'ನಾವು'
ಇಬ್ಬರದು, ಹೆಚ್ಚೆಂದರೆ ಬೆಕ್ಕೂ ಸೇರಿ ಮೂವರದು.
ಇದು ಬೇರೆ ದೊಡ್ಡ ಮನೆ.
ನಾನು ಅದರ ಹೊರಗಿನಿಂದ
ದಿನಾ ಬಸ್ಸು ಓಡಿಸಿಕೊಂಡು ಹೋಗಿದ್ದೆ.

ಆಮೇಲೆ ಹುಡುಗ ನಾಲ್ಕು ಪಾಟುಗಳ ಟ್ರೇ ಎತ್ತಿದ.
ಇವಳ ಮಾತು ನಿಂತಿತು.
ಮೇಜಿನ ಮೇಲಿದ್ದ ಕೈ ತಾನೇ ಮಗುಚಿ
ಅಂಗೈ ಮೇಲಾಯಿತು, ಬೆರಳು ಅರಳಿದವು,
"ಭಾರದ್ದು ನಿನ್ನ ಕಡೆಗೆ, ಮಗಾ, ನಿನ್ನ ಕಡೆಗೆ,"
ತುಟಿಯಲ್ಲೇ ಅಂದಳು.
ಅವನಿಗೆಲ್ಲಿ ಕೇಳಬೇಕು.

ಒಂದು ಪಾಟು ಜಾರಿತು.
ಕಲ್ಲುಹಾಸಿನ ಮೇಲೆ ಆ ಸದ್ದು!
ಪಿಯಾನೋದವನೂ ಒಂದು ಸ್ವರ ತಪ್ಪಿದ.
ಎಲ್ಲ ಕುತ್ತಿಗೆಗಳೂ ತಿರುಗಿದವು,
ಬಾಗಿಲ ಬಳಿಯ ಕರಿ ಕೋಟಿನ ಮೇಲ್ವಿಚಾರಕ
ಎರಡು ಹೆಜ್ಜೆ ಮುಂದೆ ಬಂದ.
ಹುಡುಗ ಬೆಳ್ಳಗೆ ನಿಂತಿದ್ದ, ಮೇಜುಬಟ್ಟೆಯ ಹಾಗೆ.

ಆಗ ನನ್ನ ಹೆಂಡತಿ,
ಮನೆಯಲ್ಲಿ ಅಮ್ಮನ ಕಾಲದ ಆರು ಬಸಿಗಳಲ್ಲಿ
ಆರನ್ನೂ ಉಳಿಸಿಕೊಂಡು ಬಂದವಳು,
ಮೊಣಕೈ ಚೂರೇ ಚೂರು ಸರಿಸಿದಳು.
ಅವಳ ಕಪ್ಪು, ಬಸಿ, ಚಮಚ, ಅರ್ಧ ಸ್ಕೋನು
ಎಲ್ಲ ನೆಲಕ್ಕೆ.
"ಅಯ್ಯಯ್ಯೋ! ಇವತ್ತು ಏನಾಗಿದೆ ನಮಗೆಲ್ಲ!"
ಅಷ್ಟು ದೊಡ್ಡ ದನಿ ಅವಳಲ್ಲಿದೆ ಅಂತ
ನನಗೂ ಗೊತ್ತಿರಲಿಲ್ಲ.

ಕುತ್ತಿಗೆಗಳು ಇತ್ತ ತಿರುಗಿದವು.
ಗಿರಾಕಿಯ ಕೈತಪ್ಪಿಗೆ ಕರಿ ಕೋಟು ನಗಲೇಬೇಕು; ನಕ್ಕ.
ಹುಡುಗ ಪೊರಕೆ ತಂದ. ಇವಳ ಹತ್ತಿರ ಬಾಗಿದಾಗ
ಏನೋ ಪಿಸುಗುಟ್ಟಿದಳು, ಅಂಗೈ ತೋರಿಸಿ.
ಅವನ ಕಿವಿ ಕೆಂಪಗಾಯಿತು, ತಲೆಯಾಡಿಸಿದ.

ವಾಪಸು ಬರುವಾಗ ಬಸ್ಸಿನ ಮೇಲಂತಸ್ತಿನಲ್ಲಿ
ಎಲ್ಲಕ್ಕಿಂತ ಮುಂದಿನ ಸೀಟು.
ಚಪ್ಪಲಿ ಕಳಚಿ, ಬೆನ್ನು ಪೂರ್ತಿ ಒರಗಿಸಿದಳು.
ಮಡಿಲಲ್ಲಿ ಮೇಲಿನ ತಟ್ಟೆಯದೆಲ್ಲ ತುಂಬಿದ ರಟ್ಟಿನ ಪೆಟ್ಟಿಗೆ.
"ಸೆಂಗಾ, ಆ ಕಪ್ಪು..." ಅಂದೆ.
"ಸುಮ್ನೆ ರಸ್ತೆ ನೋಡು" ಅಂದಳು.
ಓಡಿಸುತ್ತಿದ್ದವನು ಕೆಳಗೆ, ಬೇರೆ ಯಾರೋ.
ಆದರೂ ನೋಡಿದೆ.